ಇಬ್ಬರ ಕೈಯ ಹೆಂಡ

ಮಾಸ್ತಪ್ಪ ಒಂದು ಗುಟುಕು ಬಾಯಿಗೆ ಹಾಕಿಕೊಂಡವನು ಲೋಟವನ್ನು ಹೆಂಡತಿಯ ಕಡೆಗೇ ತಳ್ಳಿದ. "ಇದಲ್ಲ. ಸಾವಿತ್ರಿ ಮಾಡ್ತಿದ್ಲಲ್ಲ, ಅದು ಬೇಕು."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಹೆಸರು ಗುಡವಿಯ ಆ ಮನೆಯೊಳಗೆ ಕೇಳಿಸಿದ್ದು ಅದೇ ಮೊದಲು. ಲೋಕಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಶಿಕಾರಿಪುರದ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿಕೊಂಡಿದ್ದ ಹನ್ನೆರಡು ವರ್ಷ ಅವನು ಅಮಾವಾಸ್ಯೆಗೊಮ್ಮೆ ಊರಿಗೆ ಬರುತ್ತಿದ್ದ. ಉಳಿದ ದಿನ ಯಾರ ಮನೆಯಲ್ಲಿ ಉಣ್ಣುತ್ತಾನೆಂಬುದು ಊರಿಗೇ ಗೊತ್ತಿತ್ತು. ಮೈಯಲ್ಲಿ ಶಕ್ತಿ ಹೋದ ಮೇಲೆ ಕೆಲಸ ಬಿಟ್ಟು ಬಂದು ಮೂರು ವರ್ಷವಾಗಿತ್ತು. ಈಗ ೧೯೯೬ರ ಬೇಸಿಗೆ. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ ಮಲಗಿದ್ದ. ಇನ್ನು ಕೇಳಿದ್ದು ಕೊಡಿ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಅವನು ಕೇಳಿದ್ದು ಅಕ್ಕಿ ಹೆಂಡ. ಅನ್ನ ಆರಿಸಿ, ಹುದುಗಿನ ಉಂಡೆ ಪುಡಿ ಮಾಡಿ ಕಲಸಿ, ಮಡಕೆಯ ಬಾಯಿ ಕಟ್ಟಿಟ್ಟು, ಐದು ದಿನ ಕಾದು ಸೋಸಿ ತಂದದ್ದನ್ನು ಹೀಗೆ ತಳ್ಳಿದ್ದ.

ಮರುದಿನ ಬೆಳಿಗ್ಗೆ ಲೋಕಮ್ಮ ಶಿಕಾರಿಪುರಕ್ಕೆ ಹೋಗಿಬರುತ್ತೇನೆಂದು ಹೇಳಿ ಪಕ್ಕದ ಮನೆಯ ನಿಂಗಮ್ಮನನ್ನು ಗಂಡನ ಹತ್ತಿರ ಕೂರಿಸಿದಳು. ತನ್ನ ಹೆಂಡವನ್ನೇ ಒಂದು ಕ್ಯಾನಿಗೆ ತುಂಬಿಕೊಂಡು, ಸೊರಬಕ್ಕೆ ಬಂದು ಶಿಕಾರಿಪುರದ ಬಸ್ಸು ಹತ್ತಿದಳು. ಆ ಹೆಂಗಸಿನಿಂದ ಒಂದು ಲೋಟ ಕೇಳಿ ತರಬೇಕು. ತನ್ನದರಲ್ಲಿ ಏನು ಕಡಿಮೆಯೆಂದು ಅವಳ ಬಾಯಿಂದಲೇ ಹೇಳಿಸಬೇಕು. ಅಂದುಬಿಡಬೇಕಾದ ನಾಲ್ಕು ಮಾತುಗಳನ್ನೂ ದಾರಿಯುದ್ದಕ್ಕೂ ಜೋಡಿಸಿಕೊಂಡಳು.

ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ತಗಡಿನ ಮನೆಯ ಮುಂದೆ ಸಾವಿತ್ರಿಬಾಯಿ ಹರಿದ ಗೋಣಿಚೀಲ ಹೊಲಿಯುತ್ತ ಕುಳಿತಿದ್ದಳು. ತಲೆ ಅರ್ಧ ನರೆತಿತ್ತು. ಬಂದವಳನ್ನು ಒಮ್ಮೆ ನೋಡಿ ದಬ್ಬಳ ಕೆಳಗಿಟ್ಟಳು.

"ಲೋಕಮ್ಮಕ್ಕ ಅಲ್ಲೇನ್ರಿ? ಹೆಂಗದಾರೆ ಅವರು?"

"ಇವತ್ತೋ ನಾಳೆಯೋ ಅನ್ನಂಗೆ ಇದಾರೆ. ನಿನ್ನ ಕೈಯ ಹೆಂಡ ಬೇಕಂತೆ."

ಸಾವಿತ್ರಿಬಾಯಿ ಗೋಣಿಚೀಲದ ಹೊಲಿಗೆಯನ್ನು ಸವರಿದಳು. "ಮಾಡಾದು ಬಿಟ್ಟು ಮೂರು ವರ್ಷ ಆತ್ರೀ ಅಕ್ಕ. ಅವರು ಊರಿಗೆ ಹೋದ ಮೇಲೆ ಮನೆಯಾಗೆ ಮಡಕೆನೂ ಇಟ್ಟಿಲ್ಲ."

ಲೋಕಮ್ಮ ಕ್ಯಾನಿನ ಮುಚ್ಚಳ ತೆಗೆದಳು. "ಹಂಗಾದ್ರೆ ಇದನ್ನ ಕುಡಿದು ಹೇಳು. ಇದ್ರಲ್ಲಿ ಏನು ತಪ್ಪೈತೆ?"

ಸಾವಿತ್ರಿಬಾಯಿ ಒಳಗಿಂದ ಲೋಟ ತಂದಳು. ಮೊದಲು ಮೂಗಿಗೆ ಹಿಡಿದಳು. ಒಂದು ಗುಟುಕನ್ನು ನಾಲಿಗೆಯ ಮೇಲೆ ನಿಲ್ಲಿಸಿಕೊಂಡು ಕಣ್ಣು ಮುಚ್ಚಿದಳು. ಇನ್ನೊಂದು ಗುಟುಕು ಕುಡಿದಳು.

"ಮೊದಲು ಸಿಹಿ ಬರತೈತೆ. ಆಮೇಲೆ ನಾಲಿಗೆ ತುದಿ ಚುರುಗುಟ್ಟತೈತೆ. ನಂದು ಬರೇ ಚುರುಕು ರೀ, ಸಿಹಿ ನಿಲ್ತಿರಲಿಲ್ಲ." ಲೋಟದೊಳಕ್ಕೆ ನೋಡುತ್ತ ಹೇಳಿದಳು: "ತಪ್ಪೇನಿಲ್ಲ. ಇದಕ್ಕೇ ನನ್ನ ಬೈತಿದ್ರು ಅವರು."

"ಯಾತಕ್ಕೆ?"

"ಹನ್ನೆರಡು ವರ್ಷ, ನಾನು ಲೋಟ ಕೊಟ್ಟಾಗೆಲ್ಲ ಒಂದೇ ಮಾತು, ಲೋಕಿ ಮಾಡಿದಂಗಿಲ್ಲ ಅಂತ. ಅನ್ನ ಎಷ್ಟು ಆರಬೇಕು, ಎಷ್ಟು ದಿನ ಇಡಬೇಕು, ಎಲ್ಲ ಅವರೇ ಹೇಳಿಕೊಟ್ರು. ನೀವು ಮಾಡೋದು ನೋಡಿ ತಿಳಕೊಂಡಿದ್ರಂತೆ. ಒಂದು ಸಲನೂ ಸಮ ಬರಲಿಲ್ಲ ನೋಡ್ರಿ."

ಲೋಕಮ್ಮ ಸಾವಿತ್ರಿಬಾಯಿಯ ಕೈಯಿಂದ ಲೋಟ ತೆಗೆದುಕೊಂಡು ಉಳಿದದ್ದನ್ನು ತಾನು ಕುಡಿದಳು. ರುಚಿ ಏನೂ ತಿಳಿಯಲಿಲ್ಲ. ಓಣಿಯಾಚೆ ಯಾರೋ ಲಾರಿಯಿಂದ ಮೂಟೆ ಇಳಿಸುತ್ತಿದ್ದರು. ಒಂದೊಂದು ಮೂಟೆ ಬಿದ್ದಾಗಲೂ ಇಬ್ಬರೂ ಆ ಕಡೆ ನೋಡಿದರು.

ಬಸ್ಸಿನ ಹೊತ್ತಾಯಿತೆಂದು ಎದ್ದಾಗ ಸಾವಿತ್ರಿಬಾಯಿ ಕೇಳಿದಳು: "ನಾನೊಂದು ಸಲ ಬಂದು ನೋಡಬಹುದೇನ್ರಿ?"

"ಬ್ಯಾಡ" ಎಂದಳು ಲೋಕಮ್ಮ. ನಾಲ್ಕು ಹೆಜ್ಜೆ ಹೋದವಳು ನಿಂತಳು. "ಜೀವ ಹೋದ ಮೇಲೆ ಹೇಳಿ ಕಳಿಸ್ತೀನಿ."

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ನಿಂಗಮ್ಮ ಎದ್ದುಹೋದ ಮೇಲೆ ಲೋಕಮ್ಮ ದಿನವಿಡೀ ಬಿಸಿಲಲ್ಲಿ ಕಾದಿದ್ದ ಕ್ಯಾನಿನಲ್ಲಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಗಂಡನ ತುಟಿಗಿಟ್ಟಳು. ಎಲ್ಲಿಂದ ತಂದೆನೆಂದು ಹೇಳಲಿಲ್ಲ. ಮಾಸ್ತಪ್ಪ ಹನಿಯಷ್ಟು ಒಳಗೆಳೆದುಕೊಂಡ.

"ಇದು ನಿಂದೇ" ಎಂದ. "ಅವಳ ಹತ್ರ ಇರ್ಲಿಲ್ಲೇನು?"

"ಬಿಟ್ಟುಬಿಟ್ಟಿದಾಳೆ."

ಅವನು ಕಣ್ಣು ಮುಚ್ಚಿದ. ಬಸ್ಸಿನಲ್ಲಿ ಇಡೀ ದಾರಿ ತಡೆದುಕೊಂಡು ಬಂದದ್ದನ್ನು ಲೋಕಮ್ಮ ಆಗ ಆಡಿದಳು. "ನಾನು ಮಾಡಿದ್ದೇ ಚೊಲೊ ಅಂತ ಅವಳ ಹತ್ರ ಹನ್ನೆರಡು ವರ್ಷ ಹೇಳಿದೀರಂತೆ. ನನ್ನ ಹತ್ರ ಒಂದು ದಿನ ಹೇಳ್ಲಿಲ್ಲ."

ಮಾಸ್ತಪ್ಪ ನಿದ್ದೆ ಹೋದನೇನೋ ಎಂದುಕೊಳ್ಳುವಷ್ಟರಲ್ಲಿ ತುಟಿ ಅಲುಗಿತು.

"ಹೆಂಗೈತೆ ಅಂತ ಅವಳು ಕೇಳ್ತಿದ್ಲು."

ಲೋಕಮ್ಮ ಗಂಡನ ಮಗ್ಗುಲಲ್ಲಿ ಲೋಟವಿಟ್ಟು ಹಿಂದಿರುಗಿ ನೋಡದೆ ಒಲೆಯ ಕಡೆ ನಡೆದ ಸಂಜೆಗಳನ್ನು ಯಾರು ಲೆಕ್ಕ ಇಟ್ಟಿದ್ದಾರೆ? ಅವಳು ಅವನ ತಲೆಯನ್ನು ಮೆಲ್ಲಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡು ಇನ್ನೊಂದು ಗುಟುಕು ಹಾಕಿದಳು.

"ಹೆಂಗೈತೆ? ಹೇಳಿ."

ಅವನು ಅದನ್ನು ಬಾಯೊಳಗೆ ಕಷ್ಟಪಟ್ಟು ಹೊರಳಿಸಿದ. ಅರ್ಧ ಕಟವಾಯಿಯಿಂದ ಇಳಿದು ಗಡ್ಡದೊಳಗೆ ಸೇರಿತು. ಮುಖ ಹಿಂಡಿತು.

"ಹುಳಿ ಬಂದೈತೆ ಕಣೆ" ಎಂದ.