ಕೆಂಪು ದಾರ

ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರಿನಿಂದ ಎತ್ತಿ ತರುವ ತಂಡಕ್ಕೆ ಮೈಗೆ ಬಿಗಿಯುವ ಪಟ್ಟಿಗಳ ಹಾರ್ನೆಸ್ ಆರಿಸಿಕೊಡುವ ಕೆಲಸ ಪೊನ್ನಪ್ಪನದು. ಅಂದು ಬೆಳಿಗ್ಗೆ ಹೊಲಿಗೆ ಬಿಟ್ಟಿದ್ದ ಒಂದಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಟ್ಟ.

"ಈಗ್ಲೇ ಕತ್ತರಿಸಿ ಹಾಕ್ಬಿಡಿ ಸರ್, ಯಾರಾದ್ರೂ ತಗೊಂಡು ಹೋದಾರು," ಎಂದಳು ಉಗ್ರಾಣದ ಕಾವೇರಮ್ಮ.

"ದಾರ ಕಟ್ಟಿದೀನಲ್ಲ, ಯಾರು ಮುಟ್ತಾರೆ?" ಪೊನ್ನಪ್ಪ ರೇಗಿದ. "ಬೆಟ್ಟದಿಂದ ಬಂದು ಕತ್ತರಿಸ್ತೀನಿ."

ಮಧ್ಯಾಹ್ನ ತರಬೇತಿಯ ವೇಳೆ ಬಂಡೆಯಿಂದ ಜಾರಿ ಅವನ ಕಾಲು ಮುರಿಯಿತು. ಹೆಲಿಕಾಪ್ಟರ್ ಬಂತು. ಬೇರೆ ಪಾಳಿಯ ಮಾದಯ್ಯ ಹಗ್ಗದಲ್ಲಿ ಇಳಿದು, ನೋವಿಗೆ ಕಣ್ಣು ಮುಚ್ಚಿದ್ದ ಅವನಿಗೆ ಹಾರ್ನೆಸ್ ತೊಡಿಸಿ, ಮೇಲಕ್ಕೆ ಕೈಬೀಸಿದ.

ಇಬ್ಬರ ಕಾಲುಗಳೂ ನೆಲ ಬಿಟ್ಟವು. ಕೆಳಗೆ ಕಣಿವೆ ಬಾಯ್ತೆರೆದಿತ್ತು.

"ಹೆದರ್ಬೇಡಿ ಸರ್," ಮಾದಯ್ಯ ಅವನ ಕಿವಿಯಲ್ಲಿ ಕೂಗಿದ. "ನೀವೇ ದಾರ ಕಟ್ಟಿ ಆರಿಸಿಟ್ಟಿದ್ದನ್ನೇ ನಿಮಗೆ ತಂದಿದ್ದೀನಿ!"