ಕಪ್ಪು ಬಳಿದ ಹರಗೋಲು

ರಾಮಣ್ಣ ಉಗುರಿನಿಂದ ಕಪ್ಪನ್ನು ಕೆರೆದು ಮೂಗಿನ ಹತ್ತಿರ ಹಿಡಿದ. ಡಾಂಬರಿನ ವಾಸನೆ ಇಲ್ಲ. ಇನ್ನೊಂದು ಕಡೆ ಕೆರೆದ, ಅಲ್ಲಿಯೂ ಇಲ್ಲ. ಇಪ್ಪತ್ತೈದು ಅಡಿ ಅಗಲದ ಆ ಹರಗೋಲು ಕೃಷ್ಣೆಯ ದಂಡೆಯಲ್ಲಿ ಎಂಟು ಕಲ್ಲುಕಂಬಗಳ ಮೇಲೆ ಬೋರಲಾಗಿ ಕೂತಿತ್ತು. ಬಿದಿರು ಹೆಣೆದವನು ಅವನೇ, ಮೇಲೆ ತಾಡಪತ್ರಿ ಬಿಗಿದವನೂ ಅವನೇ. ಡಾಂಬರು ಕಾಸಲು ಒಲೆ ಹೂಡಬೇಕೆಂದು ಬೆಳಿಗ್ಗೆ ಬಂದರೆ, ಯಾರೋ ಆಗಲೇ ಕಪ್ಪು ಬಳಿದು ಮುಗಿಸಿದ್ದರು.

ಬಳಿಸಿದವಳು ಸಪ್ನಾ. ಶಹಾಪುರದ ಮೇಷ್ಟ್ರೊಬ್ಬರ ಮಗಳು, ಕಲಬುರಗಿಯಲ್ಲಿ ಶಿಲ್ಪಕಲೆ ಓದಿದವಳು. ಸುರಪುರದ ಕಡೆಯ ಈ ಹೊಳೆದಂಡೆಯಲ್ಲಿ ದೊಡ್ಡದೊಂದು ಕಲಾಕೃತಿ ನಿಲ್ಲಿಸುತ್ತೇನೆಂದು ಬಂದು, ಊರಲ್ಲಿ ಹರಗೋಲು ಹೆಣೆಯುವವನು ಉಳಿದಿರುವುದು ರಾಮಣ್ಣ ಒಬ್ಬನೇ ಎಂದು ತಿಳಿದು ಅವನನ್ನು ಕೆಲಸಕ್ಕೆ ಕರೆದಿದ್ದಳು. ಒಂದು ತಿಂಗಳು ಇಬ್ಬರಿಗೂ ಚೆನ್ನಾಗಿಯೇ ಹೊಂದಿತ್ತು. ಆದರೂ ಮೊದಲ ದಿನದಿಂದಲೇ ಅವನ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು. ಹೊಳೆಗಿಳಿಯದ ಹರಗೋಲು ಯಾರಿಗೆ ಬೇಕು? ಇವಳು ಏನೋ ಮುಚ್ಚಿಡುತ್ತಿದ್ದಾಳೆ ಎಂದು ಹೆಂಡತಿ ಸಾಯಬಮ್ಮನ ಮುಂದೆ ಎಷ್ಟೋ ಸಲ ಅಂದಿದ್ದ. ಈಗ ಕಳ್ಳತನ ಕೈಗೆ ಸಿಕ್ಕಿತೆನ್ನಿಸಿತು.

“ಇದು ಡಾಂಬರಲ್ಲ, ಬರೇ ಬಣ್ಣ ಐತಿ,” ಎಂದ.

ಸಪ್ನಾ ಇಲ್ಲವೆನ್ನಲಿಲ್ಲ. ನಮ್ಮ ಬಿಸಿಲಿಗೆ ಡಾಂಬರು ಕರಗಿದರೆ ಕೆಳಗೆ ನಿಂತು ನೋಡುವವರ ತಲೆಯ ಮೇಲೆಯೇ ತೊಟ್ಟಿಕ್ಕುತ್ತದೆ, ಹನ್ನೊಂದು ಗಂಟೆಗೆ ಜನ ಬರುತ್ತಾರೆ ಎಂದಳು. ಇದು ಹೊಳೆ ದಾಟಲು ಮಾಡಿದ್ದಲ್ಲ, ನೋಡಲು ಮಾಡಿದ್ದು. ಹರಗೋಲಿನ ಹಾಗೆ ಕಂಡರೆ ಸಾಕು ಎಂದಳು. ಅವಳು ಸಹಜವಾಗಿಯೇ ಅಂದ ಆ ಕೊನೆಯ ಮಾತು ರಾಮಣ್ಣನ ಎದೆಗೆ ಚುಚ್ಚಿತು.

ಹಾಗೆ ಕಂಡದ್ದನ್ನೇ ಅವನ ತಮ್ಮ ತಾಯಪ್ಪ ನಂಬಿದ್ದ. ಏಳು ವರ್ಷದ ಹಿಂದೆ, ಡ್ಯಾಮಿನ ಗೇಟು ಎತ್ತಿದ ಒಂದು ಮುಂಜಾನೆ, ನಡುಗಡ್ಡೆಯಲ್ಲಿ ಸಿಕ್ಕಿಕೊಂಡ ಆಡುಗಳನ್ನು ತರಲು ದಂಡೆಯಲ್ಲಿದ್ದ ಹೊಸ ಹರಗೋಲನ್ನು ತಳ್ಳಿಕೊಂಡು ಹೋದ. ರಾಮಣ್ಣ ಅದಕ್ಕೆ ಒಂದೇ ಸಲ ತೆಳ್ಳಗೆ ಡಾಂಬರು ಬಳಿದು, ಎರಡನೆಯದು ನಾಳೆಯೆಂದು ಬಿಟ್ಟಿದ್ದ. ನೋಡಿದವರಿಗೆ ಪೂರ್ತಿ ಕಪ್ಪು. ನಡುಹೊಳೆಯಲ್ಲಿ ನೀರು ಒಳಗೆ ಬಂತು. ಅಂದಿನಿಂದ ರಾಮಣ್ಣ ಒಂದೇ ಸಲ ಬಳಿದ ಹರಗೋಲನ್ನು ಒಂದು ರಾತ್ರಿಯೂ ದಂಡೆಯಲ್ಲಿ ಬಿಟ್ಟವನಲ್ಲ.

ಅಷ್ಟರಲ್ಲಿ ಹೈಸ್ಕೂಲಿನ ಭೀಮಾಶಂಕರ ಮಾಸ್ತರರು ಎಲ್ಲರಿಗಿಂತ ಮುಂಚೆ ಬಂದರು. ಹರಗೋಲನ್ನು ಎರಡು ಸುತ್ತು ಹಾಕಿ, ಕಂಬ ತಟ್ಟಿ, ಕೆಳಗೆ ಬಗ್ಗಿ ನೋಡಿ, ಕನ್ನಡಕ ಒರೆಸಿಕೊಂಡರು. ಅವರ ಮುಖದಲ್ಲಿ ಯಾರೋ ತಮ್ಮನ್ನು ಮರುಳು ಮಾಡಲು ಹೊರಟಿದ್ದಾರೆಂಬ ಅನುಮಾನವಿತ್ತು.

“ಶಹಾಪುರದ ಗುಡ್ಡದಾಗ ಬುದ್ಧ ಮಲಗಿದ್ದು ಎಲ್ಲಾರಿಗೂ ಕಾಣತೈತಿ. ಅದನ್ನ ಯಾರೂ ಕೆತ್ತಿಲ್ಲ,” ಎಂದರು. “ನೀವು ಒಂದು ತಿಂಗಳ ದುಡದ್ರೂ ಇದರಾಗ ನನಗೇನೂ ಕಾಣವಲ್ದು. ದೊಡ್ಡದು ಮಾಡಿದ ಕೂಡ್ಲೆ ಕಲಾ ಆಗತೈತೇನವಾ?”

ಗುಡ್ಡದಲ್ಲಿ ಬುದ್ಧನನ್ನು ಕಂಡದ್ದು ನೋಡುವವರ ಕಣ್ಣು, ಇಲ್ಲಿಯೂ ಆ ಕಣ್ಣೇ ಬೇಕು ಎಂದಳು ಸಪ್ನಾ. ಕಣ್ಣಿನ ಮೇಲೆಯೇ ಭಾರ ಹಾಕುವುದಾದರೆ ಮಾಡಿದವರ ಕೆಲಸವೇನು ಎಂದು ಮಾಸ್ತರರು ಕೇಳಿದರು. ವಾದ ಬೆಳೆಯಿತು. ರಾಮಣ್ಣನಿಗೆ ಅದ್ಯಾವುದೂ ಕಿವಿಗೆ ಬೀಳಲಿಲ್ಲ. ಹೊಳೆ ಬಂದರೆ ಈ ದಂಡೆ ಮುಳುಗುತ್ತದೆ, ಹರಗೋಲು ಕಂಬ ಬಿಟ್ಟು ತೇಲಿ ಯಾರದೋ ಮನೆಯ ಮುಂದೆ ಹೋಗಿ ನಿಲ್ಲುತ್ತದೆ, ಮನೆ ಮಂದಿಯೆಲ್ಲ ಅದನ್ನು ಮಗುಚಿ ಹತ್ತುತ್ತಾರೆ. ಅವನಿಗೆ ಕಾಣುತ್ತಿದ್ದುದು ಅಷ್ಟೇ.

ಎರಡು ಸಲ ಡಾಂಬರು ಬಳಿಯೋಣ ಎಂದು ಅವನು ಮತ್ತೆ ಕೇಳಿದ. ಸಪ್ನಾ ಹೊಸ ಬೋರ್ಡು ತೋರಿಸಿದಳು. ಇದು ಕಲಾಕೃತಿ, ನೀರಿಗೆ ಇಳಿಸಬಾರದು ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

“ಹೊಳಿ ಬಂದಾಗ ಮಂದಿ ಬೋರ್ಡ್ ಓದಂಗಿಲ್ಲವಾ,” ಎಂದ ರಾಮಣ್ಣ.

ಬಿದಿರು ಸೀಳುವ ಮಚ್ಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಏಣಿ ಚಾಚಿ ಹತ್ತತೊಡಗಿದ. ಸಪ್ನಾ ಓಡಿಬಂದಳು. ಏನು ಮಾಡಾಕತ್ತಿ ಕಾಕಾ, ಇಳಿ ಎಂದು ಬೇಡಿಕೊಂಡಳು. ಅವನು ಅರ್ಧ ಏಣಿಯ ಮೇಲೆ ನಿಂತು, ಅವಳ ಕಡೆ ನೋಡದೆ ಹೇಳಿದ:

“ನಾ ಒಂದ ಸಲ ಹಚ್ಚಿ ಬಿಟ್ಟಿದ್ದೆ. ನನ್ನ ತಮ್ಮಗ ಅದು ಹರಗೋಲಿನಂಗ ಕಂಡಿತ್ತು.”

ತಾಯಪ್ಪ ಮುಳುಗಿದ ಕಥೆಯನ್ನು ಸಾಯಬಮ್ಮ ಸಪ್ನಾಳಿಗೆ ಹೇಳಿದ್ದಳು. ಆ ಹರಗೋಲು ಯಾರ ಕೈಕೆಲಸವೆಂದು ಮಾತ್ರ ಹೇಳಿರಲಿಲ್ಲ. ಏಣಿ ಅಲ್ಲಾಡುತ್ತಿತ್ತು, ಸಪ್ನಾ ಅದನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

ರಾಮಣ್ಣ ತೆವಳಿಕೊಂಡು ನಟ್ಟನಡುವಿಗೆ ಹೋದ. ತಾನೇ ಹೆಣೆದ ಕಟ್ಟನ್ನು ಕಡಿಯಲು ಕೈ ಬರಲಿಲ್ಲ. ಆಮೇಲೆ ಒಂದೇ ಸಮನೆ ಹೊಡೆದು, ಮನುಷ್ಯ ತೂರುವಷ್ಟು ಅಗಲ ಕಡಿದುಹಾಕಿದ. ಕತ್ತಲಾಗಿದ್ದ ಒಳಗೆ ಬಿಸಿಲು ಬಿತ್ತು, ಸದ್ದು ಕೇಳಿ ಹರಗೋಲಿನ ಕೆಳಗೆ ಹೋಗಿ ನಿಂತಿದ್ದ ಮಾಸ್ತರರ ಕಾಲ ಬಳಿಯೇ ಬಿತ್ತು. ಅವರು ತಲೆಯೆತ್ತಿ ತೂತಿನಾಚೆಯ ಆಕಾಶವನ್ನು ನೋಡಿದರು. ಬಹಳ ಹೊತ್ತು ನೋಡಿದರು. ಹೊರಗೆ ಬಂದಾಗ ಅವರ ದನಿ ಬೇರೆಯಾಗಿತ್ತು.

“ಈಗ ಏನೋ ಐತಿ ಅನಸ್ತು,” ಎಂದರು. “ಇದರ ಅರ್ಥ ಏನವಾ?”

ಆಗಷ್ಟೇ ಏಣಿ ಇಳಿದು ಮಚ್ಚು ಒರೆಸಿಕೊಳ್ಳುತ್ತಿದ್ದ ರಾಮಣ್ಣನ ಕಡೆ ಸಪ್ನಾ ಕೈ ತೋರಿಸಿದಳು.

“ಇನ್ಮ್ಯಾಲ ಇದನ್ನ ನಂಬಿ ಯಾರೂ ಹೊಳಿಗೆ ಇಳಿಯಂಗಿಲ್ರಿ,” ಎಂದ ಅವನು.