ಎರವಲು ಹಸು

ಜವರಪ್ಪನ ರಾಗಿಮುದ್ದೆ ಉಂಡವನು ಓಡುವ ಬಸ್ಸನ್ನೇ ಹಿಡಿದು ನಿಲ್ಲಿಸಬಲ್ಲ. ಆದರೇನು, ನಾಟಿ ಹಸು ಸಾಕಿದವರ ರಾಗಿಯನ್ನಷ್ಟೇ ಕೊಳ್ಳುವುದೆಂದು ಪೇಟೆಯ ಸಾವಯವ ಅಂಗಡಿಯವರು ಹಠ ಹಿಡಿದರು. ಅವರ ಕಡೆಯ ಮೇಡಂ ತಪಾಸಣೆಗೆ ಬರುವ ಹೊತ್ತಿಗೆ ಜವರಪ್ಪ ಎಲ್ಲಿಂದಲೋ ಒಂದು ಹಸುವನ್ನು ಎರವಲು ತಂದು ಕೊಟ್ಟಿಗೆಯಲ್ಲಿ ಕಟ್ಟಿದ್ದ.

"ಇದರ ಗಂಜಲದ ವಾಸ್ನೆಗೇ ಹುಳಗಳೆಲ್ಲ ತಾಲೂಕು ಬಿಟ್ಟು ಓಡೋದ್ವು ಮೇಡಂ."

ಮೇಡಂ ಹಸುವಿನ ಕತ್ತು ಸವರಿದರು. ಅದು ಅವರ ಕೈ ನೆಕ್ಕಿತು.

"ನಿಮ್ಮದೇನಾ?"

"ಈ ಕೊಟ್ಟಿಗೇಲೇ ಹುಟ್ಟಿದ್ದು. ನಮ್ಮ ಹೊಲ ದಾಟಿ ಒಂದು ಹೆಜ್ಜೆ ಇಟ್ಟಿಲ್ಲ."

ಮೇಡಂ ಸ್ಕೂಟರ್ ಹತ್ತಿದರು.

"ಮುಂದಿನ ಹೊಲದ ದಾರಿ ನನಗೆ ಗೊತ್ತಿಲ್ಲ ಜವರಪ್ಪನವರೇ. ಹಸುವಿನ ಹಗ್ಗ ಬಿಚ್ಚಿ, ಅದರ ಹಿಂದೇನೇ ಹೋಗ್ತೀನಿ. ಬೆಳಿಗ್ಗೆಯಿಂದ ನಾನು ಹೋದ ಕಡೆಯೆಲ್ಲ ನನಗಿಂತ ಮೊದಲು ಅದೇ ಬಂದು ನಿಂತಿತ್ತು."